ಅಲರ್ಜಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಮತ್ತು ಯಾರೂ ಕೇಳದ ಮೂರನೆಯದು

ಕೊಲೆಸ್ಟ್ರಾಲ್ ಇಳಿಸಲು ದಿನವೂ ಮಾತ್ರೆ ನುಂಗುವವರಿಗೆ ಸೀನು ಹಿಡಿದುಕೊಂಡ ದಿನ ಒಂದು ಅನುಮಾನ ಬಂದೇ ಬರುತ್ತದೆ. ಇದರ ಜೊತೆಗೆ ಅಲರ್ಜಿಯ ಮಾತ್ರೆಯನ್ನೂ ತೆಗೆದುಕೊಳ್ಳಬಹುದೇ? ಕೇಳಿದ ಕಡೆಯಲ್ಲೆಲ್ಲ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಏನೂ ಆಗುವುದಿಲ್ಲ, ತೆಗೆದುಕೊಳ್ಳಿ.’ ಹಲವು ವರ್ಷಗಳಿಂದ ಅಟೋರ್ವಾಸ್ಟಾಟಿನ್ ನುಂಗುತ್ತಿರುವ, ಅದಕ್ಕಿಂತಲೂ ಹಳೆಯದಾದ ಮೂಗಿನ ಅಲರ್ಜಿಯೊಂದನ್ನು ಸಾಕಿಕೊಂಡು ಬಂದಿರುವ ನನಗೂ ಈ ಉತ್ತರ ಅನೇಕರಿಂದ ಸಿಕ್ಕಿದೆ. ಉತ್ತರ ತಪ್ಪೇನಲ್ಲ, ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೇ. ನನಗೆ ಕಿರಿಕಿರಿಯಾಗುವುದು ಅದು ಬರುವ ವೇಗವನ್ನು ಕಂಡಾಗ. ಕೊಲೆಸ್ಟ್ರಾಲ್‌ಗೆ ಯಾವ ಮಾತ್ರೆ, ಅಲರ್ಜಿಗೆ ಯಾವುದು, ಇವೆರಡರ ಜೊತೆಗೆ ಇನ್ನೇನು ಹೊಟ್ಟೆಗೆ ಹೋಗುತ್ತಿದೆ ಎಂದು ವಿಚಾರಿಸದೆ ಕೊಟ್ಟ ಉತ್ತರ ಸರಿಯಾಗಿದ್ದರೆ ಅದು ಅದೃಷ್ಟದ ಮಾತು. ನಾನು ವೈದ್ಯನಲ್ಲ, ಔಷಧ ವಿಜ್ಞಾನ ಓದಿದವನೂ ಅಲ್ಲ. ಆದರೆ ನನ್ನ ಮೈಯೊಳಗೆ ಹೋಗುವ ಎರಡು ಔಷಧಗಳ ಬಗ್ಗೆ ಮಾತ್ರೆ ಪೊಟ್ಟಣದೊಳಗಿನ ಮಡಿಸಿದ ಕಾಗದಗಳನ್ನು ಹಿಡಿದು ಓದುತ್ತ ಹೋದಂತೆ ನನಗೆ ಮನವರಿಕೆಯಾದದ್ದೆಂದರೆ, ನಾವು ಹೆದರಿ ಕೇಳುವ ಆ ಜೋಡಿಯಲ್ಲಿ ಅಪಾಯ ಕಡಿಮೆ, ಕೇಳಲು ಮರೆತ ಮೂರನೆಯದರಲ್ಲಿ ಹೆಚ್ಚು.

ಲಿವರಿನೊಳಗಿನ ಸಾಲು

ಔಷಧಗಳು ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವುದು ಹೆಚ್ಚಾಗಿ ಅವು ದೇಹದಿಂದ ಹೊರಹೋಗುವ ಹಾದಿಯಲ್ಲಿ. ಲಿವರಿನಲ್ಲಿಯೂ ಕರುಳಿನ ಗೋಡೆಯಲ್ಲಿಯೂ ಸಿವೈಪಿ 3ಎ4 ಎಂಬ ಕಿಣ್ವವೊಂದಿದೆ. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ದೊಡ್ಡ ಪಾಲನ್ನು ಒಡೆದು ವಿಲೇವಾರಿ ಮಾಡುವುದು ಅದೇ. ಒಂದೇ ಗುಮಾಸ್ತನಿರುವ ಕಿಟಕಿಯ ಮುಂದೆ ಸಾಲು ನಿಂತಂತೆ ಎಂದುಕೊಳ್ಳಬಹುದು: ಯಾರೋ ಒಬ್ಬರು ಆ ಗುಮಾಸ್ತನನ್ನು ಮಾತಿಗೆಳೆದು ಕೂರಿಸಿಬಿಟ್ಟರೆ ಹಿಂದಿನವರೆಲ್ಲ ಅಲ್ಲೇ ಉಳಿಯುತ್ತಾರೆ, ಅಂದರೆ ರಕ್ತದಲ್ಲಿ ಆ ಔಷಧಗಳ ಪ್ರಮಾಣ ಏರುತ್ತದೆ. ಸ್ಟಾಟಿನ್ ಎಂದು ಕರೆಯುವ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಈ ಮೂರೂ ಇದೇ ಸಾಲಿನಲ್ಲಿ ನಿಲ್ಲುತ್ತವೆ. ರೋಸುವಾಸ್ಟಾಟಿನ್, ಪ್ರಾವಾಸ್ಟಾಟಿನ್, ಪಿಟಾವಾಸ್ಟಾಟಿನ್‌ಗಳು ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ. ಹೀಗಾಗಿ ‘ಕೊಲೆಸ್ಟ್ರಾಲ್ ಮಾತ್ರೆ’ ಎಂದಷ್ಟೇ ಹೇಳಿದರೆ ಕೇಳಿಸಿಕೊಂಡವರಿಗೆ ಅರ್ಧ ಮಾಹಿತಿಯೂ ಸಿಕ್ಕಿರುವುದಿಲ್ಲ. ಇಜೆಟಿಮೈಬ್ ಬೇರೆಯೇ ಬಗೆಯದು, ಫೈಬ್ರೇಟುಗಳು ಬೇರೆ, ನೀರಿನಲ್ಲಿ ಕದಡಿ ಕುಡಿಯುವ ಪುಡಿಗಳು ಇನ್ನೂ ಬೇರೆ.

ಅಲರ್ಜಿಯ ಕಡೆಗೆ ಬಂದರೆ ಚಿತ್ರ ಸಮಾಧಾನಕರವಾಗಿದೆ. ಸೆಟಿರಿಜಿನ್ ಮತ್ತು ಅದರ ಸೋದರ ಲೆವೊಸೆಟಿರಿಜಿನ್ ಹೆಚ್ಚಿನಂಶ ರೂಪ ಬದಲಿಸದೆ ಮೂತ್ರದ ಮೂಲಕ ಹೊರಹೋಗುತ್ತವೆ. ಫೆಕ್ಸೋಫೆನಡಿನ್ ಕೂಡ ಲಿವರಿಗೆ ಹೆಚ್ಚು ಕೆಲಸ ಕೊಡದೆ ಬಹುತೇಕ ಮಲದ ಮೂಲಕ ಹೋಗುತ್ತದೆ. ಲೊರಾಟಡಿನ್ ಆ ಸಾಲಿನಲ್ಲಿ ನಿಲ್ಲುವುದು ನಿಜವಾದರೂ ತಾನು ಬೇರೆಯವರನ್ನು ತಡೆಯುವುದಿಲ್ಲ. ಆದ್ದರಿಂದ ಅಟೋರ್ವಾಸ್ಟಾಟಿನ್ ನುಂಗುವವರು ಸೀನಿಗೆ ಸೆಟಿರಿಜಿನ್ನನ್ನೋ ಫೆಕ್ಸೋಫೆನಡಿನ್ನನ್ನೋ ತೆಗೆದುಕೊಂಡರೆ ಆ ಎರಡರ ನಡುವೆ ಜಗಳವಾಗುವ ಕಾರಣ ಕಾಣುವುದಿಲ್ಲ. ಸೆಟಿರಿಜಿನ್ ಮೂತ್ರಪಿಂಡವನ್ನು ನೆಚ್ಚಿಕೊಂಡಿರುವುದರಿಂದ ಕಿಡ್ನಿ ದುರ್ಬಲವಾಗಿರುವವರಿಗೆ ಅದರ ಪ್ರಮಾಣವನ್ನು ಇಳಿಸಬೇಕಾಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆಯ ಜೊತೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯನ್ನೂ ಹೊತ್ತವರು ಇದನ್ನು ನೆನಪಿಡಬೇಕು.

ಇದಕ್ಕೊಂದು ಅಪವಾದವಿದೆ. ಅದರ ಬಗ್ಗೆ ಯಾರೂ ಮಾತನಾಡುವುದನ್ನು ನಾನು ಕೇಳಿಲ್ಲ. ರುಪಾಟಡಿನ್ ಎಂಬ ಅಲರ್ಜಿ ಮಾತ್ರೆ ಈಗ ಸಾಕಷ್ಟು ಬಳಕೆಯಲ್ಲಿದೆ. ಅದರ ಮಾಹಿತಿ ಪತ್ರದಲ್ಲಿ ಸ್ಟಾಟಿನ್‌ಗಳ ಹೆಸರನ್ನೇ ಎತ್ತಿ, ಜೊತೆಯಲ್ಲಿ ಬಳಸುವಾಗ ಎಚ್ಚರವಿರಲಿ ಎಂದು ಬರೆದಿರುತ್ತದೆ. ರುಪಾಟಡಿನ್ ತಾನೂ ಸಿವೈಪಿ 3ಎ4 ಮೂಲಕವೇ ಹೋಗುವುದು ಒಂದು ಕಾರಣ. ಅದರ ಪ್ರಯೋಗಗಳ ಕಾಲದಲ್ಲಿ ಕೆಲವರ ರಕ್ತದಲ್ಲಿ, ಯಾವ ನೋವೂ ಇಲ್ಲದಿದ್ದರೂ, ಸ್ನಾಯುಗಳಿಗೆ ಪೆಟ್ಟಾದಾಗ ಏರುವ ಸಿ.ಪಿ.ಕೆ. ಎಂಬ ಅಂಶ ಏರಿದ್ದು ಕಂಡುಬಂದಿತ್ತು ಎಂಬುದು ಇನ್ನೊಂದು. ಸ್ಟಾಟಿನ್‌ಗಳ ಹೆಸರುವಾಸಿ ತೊಂದರೆಯೂ ಸ್ನಾಯುವಿನದೇ ಆದ್ದರಿಂದ ಎರಡನ್ನೂ ಸೇರಿಸುವಾಗ ಹಿಂಜರಿಕೆ. ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಎಚ್ಚರಿಕೆ ಬೇರೆ, ನಿಷೇಧ ಬೇರೆ. ಆದರೆ ಆಯ್ಕೆಗೆ ಬೇರೆ ಮಾತ್ರೆಗಳು ಇರುವಾಗ ಸ್ಟಾಟಿನ್ ನುಂಗುವ ರೋಗಿಗೆ ಇದನ್ನೇ ಬರೆಯಬೇಕೆ ಎಂಬ ಪ್ರಶ್ನೆಯನ್ನು ವೈದ್ಯರ ಮುಂದೆ ಇಡುವುದರಲ್ಲಿ ಅವಿನಯವೇನೂ ಇಲ್ಲ. ನಾನು ಇಟ್ಟೆ, ಅವರು ಪತ್ರ ತೆಗೆದು ಓದಿ, ‘ಹೌದಲ್ಲ’ ಎಂದು ಬೇರೆಯದನ್ನು ಬರೆದುಕೊಟ್ಟರು.

ಹೆದರಿಕೆಯ ಮೂಲ

ಅಲರ್ಜಿ ಮಾತ್ರೆ ಎಂದರೆ ನಿರಪಾಯ ಎಂದು ಇಂದು ಹೇಳುವಷ್ಟು ಸುಲಭವಾಗಿ 1990ರ ದಶಕದಲ್ಲಿ ಹೇಳಲಾಗುತ್ತಿರಲಿಲ್ಲ. ಟರ್ಫೆನಡಿನ್ ಎಂಬುದು ಮಂಪರು ಬರಿಸದ ಮೊದಲ ಅಲರ್ಜಿ ಮಾತ್ರೆಗಳಲ್ಲೊಂದು, 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಲಕ್ಷಾಂತರ ಜನರ ಮನೆ ಸೇರಿತ್ತು. ಅದು ಹೊಟ್ಟೆ ಸೇರಿದೊಡನೆ ಸಿವೈಪಿ 3ಎ4 ಅದನ್ನು ಬಹುತೇಕ ಪೂರ್ತಿಯಾಗಿ ಇನ್ನೊಂದು ವಸ್ತುವಾಗಿ ಬದಲಿಸುತ್ತಿತ್ತು, ಅಲರ್ಜಿಯನ್ನು ತಡೆಯುತ್ತಿದ್ದದ್ದು ಆ ಬದಲಾದ ವಸ್ತುವೇ. ಕಿಣ್ವ ಕೆಲಸ ಮಾಡುತ್ತಿರುವ ತನಕ ತೊಂದರೆಯಿರಲಿಲ್ಲ. ಕೀಟೊಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಜೊತೆಗೆ ತೆಗೆದುಕೊಂಡ ಮಹಿಳೆಯೊಬ್ಬರ ಹೃದಯದ ಬಡಿತ ಅಪಾಯಕರವಾಗಿ ಏರುಪೇರಾದ ಪ್ರಕರಣ 1990ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿಣ್ವ ಸುಮ್ಮನಾದಾಗ ಬದಲಾಗದೆ ಉಳಿದ ಟರ್ಫೆನಡಿನ್ ರಕ್ತದಲ್ಲಿ ಶೇಖರವಾಗಿ ಹೃದಯದ ವಿದ್ಯುತ್ ಲಯವನ್ನೇ ಕೆಡಿಸುತ್ತಿತ್ತು. ಎರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ಕಿನಿಂದಲೂ ಇದೇ ಆಗುತ್ತಿತ್ತು. ಚಕ್ಕೋತದ ಬಳಗಕ್ಕೆ ಸೇರಿದ ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ಆ ಕಿಣ್ವವನ್ನು ಮಲಗಿಸುವ ಗುಂಪಿನದೇ. 1998ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಿಂದ ಟರ್ಫೆನಡಿನ್ ಕಣ್ಮರೆಯಾಯಿತು. ಅದರ ಜಾಗಕ್ಕೆ ಬಂದದ್ದು, ದೇಹವು ಅದರಿಂದ ತಯಾರಿಸುತ್ತಿದ್ದ ಆ ನಿರಪಾಯದ ವಸ್ತುವೇ: ಫೆಕ್ಸೋಫೆನಡಿನ್. ಮರುವರ್ಷ ಅಸ್ಟೆಮಿಜೋಲ್ ಎಂಬ ಇನ್ನೊಂದು ಅಲರ್ಜಿ ಮಾತ್ರೆಯೂ ಇಂಥದೇ ಕಾರಣಕ್ಕೆ ಹೋಯಿತು.

ಅದೇ 1998ರಲ್ಲಿ ಇನ್ನೊಂದು ಘಟನೆ ನಡೆದಿದೆ, ನನ್ನ ಈ ಬರಹಕ್ಕೆ ಅದಕ್ಕಿಂತ ಹೊಂದುವ ಉದಾಹರಣೆ ಸಿಗಲಾರದು. ರಕ್ತದೊತ್ತಡಕ್ಕೆಂದು ಬಂದಿದ್ದ ಮಿಬೆಫ್ರಾಡಿಲ್ ಎಂಬ ಔಷಧವನ್ನು ಬಿಡುಗಡೆಯಾದ ಒಂದೇ ವರ್ಷದಲ್ಲಿ ಹಿಂದಕ್ಕೆ ಪಡೆಯಲಾಯಿತು. ಅದು ಸಿವೈಪಿ 3ಎ4 ಕಿಣ್ವವನ್ನು ಬಲವಾಗಿ ತಡೆಯುತ್ತಿದ್ದುದರಿಂದ ಅದರ ಜೊತೆಗೆ ಬಳಸಬಾರದ ಔಷಧಗಳ ಪಟ್ಟಿ ಬೆಳೆಯುತ್ತ ಹೋಗಿ, ಕೊನೆಗೆ ಯಾವ ವೈದ್ಯರೂ ನೆನಪಿಟ್ಟುಕೊಳ್ಳಲಾಗದಷ್ಟಾಯಿತು. ಆ ಪಟ್ಟಿಯಲ್ಲಿ ಅಲರ್ಜಿಯ ಟರ್ಫೆನಡಿನ್ ಇತ್ತು, ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್ನೂ ಇತ್ತು. ಸೀನಿನ ಮಾತ್ರೆ ಮತ್ತು ಸ್ಟಾಟಿನ್ ತಮ್ಮತಮ್ಮಲ್ಲಿ ಜಗಳವಾಡದೆ ಇದ್ದರೂ ಮೂರನೆಯದೊಂದು ಬಂದು ಎರಡನ್ನೂ ಒಟ್ಟಿಗೆ ವಿಷವಾಗಿಸಬಲ್ಲದು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಮೂರು ವರ್ಷಗಳ ಬಳಿಕ, 2001ರಲ್ಲಿ, ಸೆರಿವಾಸ್ಟಾಟಿನ್ ಎಂಬ ಸ್ಟಾಟಿನ್ ಸ್ನಾಯು ಕರಗಿಸುವ ಕಾಯಿಲೆ ತಂದು ಸಾವುಗಳಿಗೆ ಕಾರಣವಾಗಿ ಮಾರುಕಟ್ಟೆಯಿಂದ ಹೋದಾಗಲೂ, ಜೆಮ್‌ಫೈಬ್ರೊಜಿಲ್ ಎಂಬ ಇನ್ನೊಂದು ಕೊಬ್ಬಿನ ಔಷಧವನ್ನು ಜೊತೆಗೆ ಸೇರಿಸಿದ್ದವರಲ್ಲಿ ಅಪಾಯ ಬಹಳ ಹೆಚ್ಚಾಗಿತ್ತು.

(ಗ್ರೇಪ್‌ಫ್ರೂಟಿನ ಒಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡುತ್ತೇನೆ. ಅದರ ರಸ ಸಿಮ್ವಾಸ್ಟಾಟಿನ್ ಪ್ರಮಾಣವನ್ನು ಏರಿಸುತ್ತದೆ, ಆದರೆ ಫೆಕ್ಸೋಫೆನಡಿನ್ ಪ್ರಮಾಣವನ್ನು ಇಳಿಸುತ್ತದೆ, ಏಕೆಂದರೆ ಕರುಳಿನಿಂದ ಅದನ್ನು ಒಳಗೆ ಸಾಗಿಸುವ ವ್ಯವಸ್ಥೆಗೆ ಹಣ್ಣಿನ ರಸ ಅಡ್ಡ ಬರುತ್ತದೆ. ಕಿತ್ತಳೆ, ಸೇಬುಗಳ ರಸವೂ ಅಷ್ಟೇ. ಫೆಕ್ಸೋಫೆನಡಿನ್ನನ್ನು ಬರಿಯ ನೀರಿನಲ್ಲಿ ನುಂಗಿ ಎನ್ನುವುದು ಇದಕ್ಕೇ.)

‘ಬರೀ ಅಲರ್ಜಿದು’

ಒಮ್ಮೆ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬರು ಮೂಗು ಕಟ್ಟಿದ್ದಕ್ಕೆ ಮಾತ್ರೆ ಕೇಳಿದರು. ಕೌಂಟರಿನ ಹುಡುಗ ಒಂದು ಸ್ಟ್ರಿಪ್ ತೆಗೆದಿಟ್ಟ. ‘ನಮ್ಮ ಯಜಮಾನರು ಕೊಲೆಸ್ಟ್ರಾಲ್‌ಗೆ ಮಾತ್ರೆ ತಗೋತಾರಪ್ಪಾ, ಇದು ಅವರಿಗೆ ಆಗುತ್ತಾ?’ ಎಂದು ಆಕೆ ಕೇಳಿದ್ದಕ್ಕೆ, ‘ಆಗುತ್ತಮ್ಮಾ, ಇದು ಬರೀ ಅಲರ್ಜಿದು’ ಎಂದ. ಗಾಜಿನ ಮೇಲಿದ್ದ ಆ ಸ್ಟ್ರಿಪ್ ನನಗೆ ಕಾಣುತ್ತಿತ್ತು. ದೊಡ್ಡ ಅಕ್ಷರದ ಕಂಪನಿ ಹೆಸರಿನ ಕೆಳಗೆ, ಬೆಳ್ಳಿ ಹಾಳೆಯ ಹೊಳಪಿನಲ್ಲಿ ಓರೆ ಮಾಡಿ ಹಿಡಿದರೆ ಮಾತ್ರ ಓದಲಾಗುವ ಸಣ್ಣ ಅಕ್ಷರಗಳಲ್ಲಿ ಮೂರು ಹೆಸರುಗಳಿದ್ದವು: ಸೆಟಿರಿಜಿನ್, ಪ್ಯಾರಾಸಿಟಮಾಲ್, ಫೀನೈಲೆಫ್ರಿನ್. ನಾನು ಬಾಯಿ ತೆರೆಯಬೇಕೋ ಬೇಡವೋ ಎಂದು ಅನುಮಾನಿಸುತ್ತಿರುವಾಗಲೇ ಒಳಗೆ ಲೆಕ್ಕ ಬರೆಯುತ್ತಿದ್ದ ಹಿರಿಯ ಫಾರ್ಮಸಿಸ್ಟ್ ತಲೆಯೆತ್ತದೆಯೇ, ‘ಅವರಿಗೆ ಬಿ.ಪಿ. ಇದೆಯೇನಮ್ಮಾ?’ ಎಂದು ಕೇಳಿದರು. ‘ಇದೆ, ಸ್ಟೆಂಟೂ ಹಾಕಿದಾರೆ’ ಎಂದರು ಆಕೆ. ಅವರು ಎದ್ದು ಬಂದು ಆ ಸ್ಟ್ರಿಪ್ಪನ್ನು ಒಳಗಿಟ್ಟು, ಬರಿಯ ಸೆಟಿರಿಜಿನ್ ಇರುವುದನ್ನು ಕೊಟ್ಟು, ಮೂಗು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ, ಮೂಗಿಗೆ ಹಾಕಿಕೊಳ್ಳುವ ಸ್ಪ್ರೇ ಬರೆದುಕೊಡುತ್ತಾರೆ ಎಂದರು.

ಆ ಒಂದು ಪ್ರಶ್ನೆಯ ಬೆಲೆ ನನಗೆ ಅಂದು ತಿಳಿಯಿತು. ಕಟ್ಟಿದ ಮೂಗನ್ನು ಬಿಡಿಸುವ ಫೀನೈಲೆಫ್ರಿನ್, ಸೂಡೊಎಫೆಡ್ರಿನ್‌ಗಳು ರಕ್ತನಾಳಗಳನ್ನು ಬಿಗಿಸುವ ಮೂಲಕ ಕೆಲಸ ಮಾಡುತ್ತವೆ. ಮೂಗಿನ ನಾಳಗಳನ್ನು ಮಾತ್ರ ಬಿಗಿಸು ಎಂದು ನುಂಗಿದ ಮಾತ್ರೆಗೆ ಹೇಳಲಾಗದು. ಸೂಡೊಎಫೆಡ್ರಿನ್ನಂತೂ ರಕ್ತದೊತ್ತಡವನ್ನೂ ಎದೆಬಡಿತವನ್ನೂ ಏರಿಸುವುದರಿಂದ ತೀವ್ರ ರಕ್ತದೊತ್ತಡವಿರುವವರಿಗೂ ಹೃದಯದ ರಕ್ತನಾಳದ ಕಾಯಿಲೆ ಗಂಭೀರವಾಗಿರುವವರಿಗೂ ಅದು ಸಲ್ಲದು. ಸ್ಟಾಟಿನ್ನಿನ ಜೊತೆ ಇದಕ್ಕೆ ನೇರವಾದ ಜಗಳವಿಲ್ಲ. ಆದರೆ ಸ್ಟಾಟಿನ್ ನುಂಗುವವರು ಯಾರು? ಬಹುಮಟ್ಟಿಗೆ ಬಿ.ಪಿ. ಇರುವವರು, ಸಕ್ಕರೆ ಇರುವವರು, ಹೃದಯಾಘಾತವಾದವರು, ಆಗಬಾರದೆಂದು ಎಚ್ಚರ ವಹಿಸುತ್ತಿರುವವರು. ಎರಡು ಔಷಧಗಳ ಹೆಸರನ್ನು ಜೋಡಿಸಿ ನೋಡಿ ಹಸಿರು ಗುರುತು ಬಂದರೆ ಸಾಕು ಎನ್ನುವ ಪರೀಕ್ಷೆಯಲ್ಲಿ ಈ ಮನುಷ್ಯ ಕಾಣಿಸುವುದೇ ಇಲ್ಲ. ವಿಪರ್ಯಾಸವೆಂದರೆ, ನುಂಗುವ ಫೀನೈಲೆಫ್ರಿನ್ ಮೂಗು ಬಿಡಿಸುವುದಕ್ಕೆ ಪ್ರಯೋಜನವಾಗುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿಯೇ 2023ರಲ್ಲಿ ಹೇಳಿದೆ. ಉಪಯೋಗವಿಲ್ಲದ್ದಕ್ಕಾಗಿ ಯಾರಾದರೂ ಏಕೆ ಸಣ್ಣ ಅಪಾಯವನ್ನಾದರೂ ತಲೆಯ ಮೇಲೆ ಎಳೆದುಕೊಳ್ಳಬೇಕು?

ಹಳೆಯ ಕಾಲದ ಅಲರ್ಜಿ ಮಾತ್ರೆಗಳ ಬಗ್ಗೆಯೂ ನನಗೆ ಇದೇ ಅಭಿಪ್ರಾಯ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ಗಳು ಇಂದಿಗೂ ಶೀತದ ಅದೆಷ್ಟೋ ಮಿಶ್ರಣಗಳಲ್ಲಿ ಅಡಗಿ ಕುಳಿತಿವೆ. ಮಂಪರು, ಬಾಯಿ ಒಣಗುವುದು, ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಲ್ಲಿ ಮೂತ್ರ ಕಟ್ಟುವುದು, ವಯಸ್ಸಾದವರಲ್ಲಿ ಗೊಂದಲ, ರಾತ್ರಿ ಎದ್ದಾಗ ಜೋಲಿ ಹೊಡೆದು ಬೀಳುವುದು, ಇವೆಲ್ಲ ಅವುಗಳ ಕೊಡುಗೆ. ತುರಿಕೆಗೆ ಕೊಡುವ ಹೈಡ್ರಾಕ್ಸಿಜಿನ್ ಹೃದಯದ ಲಯವನ್ನು ಕೆಡಿಸಬಹುದೆಂದು 2015ರಲ್ಲಿ ಯುರೋಪಿನ ನಿಯಂತ್ರಕರು ಅದರ ಪ್ರಮಾಣಕ್ಕೆ ಮಿತಿ ಹಾಕಿದರು. ವಯಸ್ಸಾದವರಿಗೆ ಅದು ಬೇಡ, ಕೊಡಲೇಬೇಕಾದರೆ ದಿನಕ್ಕೆ 50 ಮಿಲಿಗ್ರಾಂ ಮೀರಬಾರದು ಎಂದರು. ಸ್ಟಾಟಿನ್ ನುಂಗುವ ವಯಸ್ಸಿನವರಿಗೆ ಇವು ಯಾವುವೂ ಮೊದಲ ಆಯ್ಕೆಯಾಗಬಾರದು.

ಸೀನು ಸೋಂಕಾದಾಗ

ನಿಜವಾದ ಗಂಡಾಂತರ ಇರುವುದು ಅಲರ್ಜಿಯ ಮುಂದಿನ ಹಂತದಲ್ಲಿ. ವಾರಗಟ್ಟಲೆ ಕಟ್ಟಿಕೊಂಡ ಮೂಗು ಸೈನಸ್ಸಿಗೆ ತಿರುಗುತ್ತದೆ, ಕೆನ್ನೆ ಹಣೆ ನೋಯುತ್ತವೆ, ಅಲರ್ಜಿ ಮಾತ್ರೆಯ ಜೊತೆಗೆ ಒಂದು ಆಂಟಿಬಯಾಟಿಕ್ ಸೇರಿಕೊಳ್ಳುತ್ತದೆ. ಅದು ಕ್ಲಾರಿಥ್ರೊಮೈಸಿನ್ ಆಗಿದ್ದರೆ ಸಿವೈಪಿ 3ಎ4 ಕಿಣ್ವ ತಡೆಗಟ್ಟಲ್ಪಟ್ಟು, ಸಿಮ್ವಾಸ್ಟಾಟಿನ್, ಲೋವಾಸ್ಟಾಟಿನ್‌ಗಳು ರಕ್ತದಲ್ಲಿ ಹಲವು ಪಟ್ಟು ಏರುತ್ತವೆ. ಈ ಜೋಡಿಗಳು ಕೂಡದೆಂದೇ ಮಾಹಿತಿ ಪತ್ರಗಳಲ್ಲಿ ಬರೆದಿದೆ. ಅಟೋರ್ವಾಸ್ಟಾಟಿನ್ ಆದರೆ 20 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳಬೇಕು. ಎರಿಥ್ರೊಮೈಸಿನ್, ಶಿಲೀಂಧ್ರನಾಶಕವಾದ ಇಟ್ರಾಕೊನಜೋಲ್ ಕೂಡ ಆ ಕಿಣ್ವವನ್ನು ತಡೆಯುವವೇ; ಅಜಿಥ್ರೊಮೈಸಿನ್ ಹೆಸರಿನಲ್ಲಿ ಹೋಲುತ್ತದೆಯಾದರೂ ಆ ಕಿಣ್ವವನ್ನು ಅಷ್ಟಾಗಿ ಕೆಣಕುವುದಿಲ್ಲ. ಮೂಗಿಗೆಂದು ಕಿವಿ ಮೂಗು ಗಂಟಲಿನ ವೈದ್ಯರ ಬಳಿಗೆ ಹೋದವರು, ಹೃದಯದ ವೈದ್ಯರು ಬರೆದ ಮಾತ್ರೆಯನ್ನು ಹೇಳುವುದೇ ಇಲ್ಲ. ‘ಅದು ದಿನಾ ತಗೊಳ್ಳೋದು, ಅದಕ್ಕೂ ಇದಕ್ಕೂ ಏನು ಸಂಬಂಧ’ ಎನ್ನುವ ಭಾವನೆ. ದಿನವೂ ತೆಗೆದುಕೊಳ್ಳುವುದು ಔಷಧವೆಂಬ ಎಣಿಕೆಯಿಂದಲೇ ಜಾರಿಹೋಗಿರುತ್ತದೆ.

ಕೊಲೆಸ್ಟ್ರಾಲಿಗೆ ಸ್ಟಾಟಿನ್ ಬದಲು ಕೊಲೆಸ್ಟಿರಮಿನ್ ಎಂಬ ಪುಡಿಯನ್ನು ಕುಡಿಯುವವರು ಕಡಿಮೆ, ಅವರಿಗೆ ತೊಡಕು ಬೇರೆ. ಆ ಪುಡಿ ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದಿಡುವಂತೆ ಸಿಕ್ಕ ಇತರ ಔಷಧಗಳನ್ನೂ ಹಿಡಿದಿಡಬಲ್ಲದು. ಆದ್ದರಿಂದ ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಇನ್ನು ಕೊಲೆಸ್ಟ್ರಾಲಿಗೆಂದೇ ನಯಾಸಿನ್ ಎಂಬ ಔಷಧ ತೆಗೆದುಕೊಳ್ಳುವವರ ಮುಖ ಕೆಂಪಾಗಿ ಬಿಸಿಯಾಗಿ ಕಡಿತ ಬಂದರೆ ಅದು ಅಲರ್ಜಿಯಂತೆಯೇ ಕಾಣುತ್ತದೆ, ಆದರೆ ಅದು ಆ ಔಷಧದ ನಿರೀಕ್ಷಿತ ಪರಿಣಾಮ.

ಮಾವನವರ ಕೆಮ್ಮು

ಅಲರ್ಜಿ ಎಂದು ನಾವೇ ತೀರ್ಮಾನಿಸಿಕೊಂಡದ್ದು ಅಲರ್ಜಿಯೇ ಆಗಿರಬೇಕೆಂದೂ ಇಲ್ಲ. ನಮ್ಮ ಮಾವನವರಿಗೆ ಕೊಲೆಸ್ಟ್ರಾಲ್ ಮಾತ್ರೆ ಶುರುವಾದಾಗಲೇ ರಕ್ತದೊತ್ತಡಕ್ಕೆ ರಾಮಿಪ್ರಿಲ್ ಕೂಡ ಶುರುವಾಗಿತ್ತು. ಕೆಲವು ವಾರಗಳಲ್ಲಿ ಒಣಕೆಮ್ಮು ಹತ್ತಿಕೊಂಡಿತು. ಕಫವಿಲ್ಲ, ಜ್ವರವಿಲ್ಲ, ಗಂಟಲಲ್ಲಿ ಕೂದಲು ಸಿಕ್ಕಿದ ಹಾಗೆ ಕೆರೆತ, ಮಲಗಿದರೆ ಇನ್ನೂ ಹೆಚ್ಚು. ದೂಳಿನ ಅಲರ್ಜಿ ಎಂದು ಮನೆಯವರೆಲ್ಲ ಒಪ್ಪಿಕೊಂಡು ಅಲರ್ಜಿ ಮಾತ್ರೆ ಕೊಟ್ಟಿದ್ದಾಯಿತು, ಪರದೆಗಳನ್ನು ಒಗೆದದ್ದಾಯಿತು. ಮಾತ್ರೆಗೆ ಮಂಪರು ಬಂದದ್ದಷ್ಟೇ ಲಾಭ. ‘ನನಗೆ ಎಪ್ಪತ್ತು ವರ್ಷ ಇಲ್ಲದ ದೂಳು ಈಗ ಎಲ್ಲಿಂದ ಬಂತಪ್ಪಾ’ ಎಂದು ಮಾವನವರು ಕೇಳಿದ್ದೇ ಸರಿಯಾದ ಪ್ರಶ್ನೆಯಾಗಿತ್ತು. ಪರೀಕ್ಷೆಗೆ ಹೋದಾಗ ವೈದ್ಯರು ಮಾತ್ರೆ ಡಬ್ಬಿಯನ್ನೇ ತರಿಸಿ, ಒಂದೊಂದೇ ಸ್ಟ್ರಿಪ್ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ರಾಮಿಪ್ರಿಲ್ ಮೇಲೆ ಬೆರಳಿಟ್ಟು, ‘ಕೆಮ್ಮುತ್ತಿರೋದು ಇದು, ನೀವಲ್ಲ’ ಎಂದರು. ಬೇರೆ ವರ್ಗದ ಮಾತ್ರೆಗೆ ಬದಲಾಯಿಸಿದ ಕೆಲವು ವಾರಗಳಲ್ಲಿ ಕೆಮ್ಮು ಇಳಿಯಿತು.

ರಾಮಿಪ್ರಿಲ್ ಗುಂಪಿನ ಔಷಧಗಳಿಂದ ಕೆಲವರಿಗೆ ತುಟಿ, ನಾಲಿಗೆ, ಗಂಟಲು ಊದಿಕೊಳ್ಳುವುದೂ ಉಂಟು. ಮಾತ್ರೆ ಶುರುಮಾಡಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಅದು ಬರಬಹುದು. ಅಲರ್ಜಿಯಾದಾಗ ದೇಹ ಹೊರಬಿಡುವ ಹಿಸ್ಟಮಿನ್ ಎಂಬ ವಸ್ತು ಅದಕ್ಕೆ ಕಾರಣವಲ್ಲದ್ದರಿಂದ ಅಲರ್ಜಿ ಮಾತ್ರೆ ಅದನ್ನು ತಡೆಯುವುದಿಲ್ಲ. ನಾಲಿಗೆ ಊದಿಕೊಂಡಾಗ, ಉಸಿರು ಕಟ್ಟಿದಾಗ ಮನೆಯಲ್ಲಿ ಮಾತ್ರೆ ನುಂಗಿ ಕಾಯುತ್ತ ಕೂರಬಾರದು, ನೇರ ತುರ್ತು ಚಿಕಿತ್ಸೆಗೆ ಹೋಗಬೇಕು.

ಮೈಕೈ ನೋವಿನ ಲೆಕ್ಕ

ಎರಡೂ ಮಾತ್ರೆ ಒಟ್ಟಿಗೆ ಶುರುವಾದ ವಾರದಲ್ಲಿ ತೊಡೆ ನೋವು ಬಂದರೆ ಯಾವುದನ್ನು ದೂರುವುದು? ಸ್ಟಾಟಿನ್ ಅಡ್ಡಪರಿಣಾಮಕ್ಕೆ ಬೇಸತ್ತು ಬಿಟ್ಟಿದ್ದ 60 ಜನರಿಗೆ ಒಂದು ವರ್ಷ ಕಾಲ, ಕೆಲವು ತಿಂಗಳು ಅಟೋರ್ವಾಸ್ಟಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಕೊಟ್ಟು ನೋಡಿದ ಸ್ಯಾಮ್ಸನ್ ಎಂಬ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಸ್ಟಾಟಿನ್ ತಿಂಗಳುಗಳಲ್ಲಿ ಹೆಚ್ಚಿದ ತೊಂದರೆಯ ಶೇಕಡ 90ರಷ್ಟು ಹುಸಿ ಮಾತ್ರೆಯ ತಿಂಗಳುಗಳಲ್ಲೂ ಇತ್ತು. ನೋವು ಸುಳ್ಳೆಂದು ಇದರ ಅರ್ಥವಲ್ಲ. ಮಾತ್ರೆ ನುಂಗುತ್ತಿದ್ದೇನೆ ಎಂಬ ಅರಿವೇ ನೋಯಿಸಬಲ್ಲದು. ಹಾಗೆಂದು ಎಲ್ಲ ನೋವನ್ನೂ ಮನಸ್ಸಿನ ಮೇಲೆ ಹಾಕುವುದಕ್ಕೂ ಆಗದು. ಹೊಸದಾಗಿ ಬಂದ ಸ್ನಾಯು ನೋವಿನ ಜೊತೆಗೆ ಬಲ ಕುಂದಿದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರನ್ನು ಕಾಣಬೇಕು, ಏಕೆಂದರೆ ಸ್ನಾಯು ಕರಗಿ ಕಿಡ್ನಿಯ ಮೇಲೆ ಬೀಳುತ್ತಿರುವ ಸೂಚನೆ ಅದು. ಅದರಲ್ಲೂ ಇತ್ತೀಚೆಗೆ ಆಂಟಿಬಯಾಟಿಕ್ ಸೇರಿಕೊಂಡಿದ್ದರೆ ತಡ ಸಲ್ಲದು.

ಕ್ಲಾರಿಥ್ರೊಮೈಸಿನ್ ಬಿಟ್ಟು ಬೇರೆ ದಾರಿಯಿಲ್ಲ ಎಂದಾದಾಗ ವೈದ್ಯರು ಆ ಕೆಲವು ದಿನ ಸ್ಟಾಟಿನ್ ನಿಲ್ಲಿಸಿ ಎನ್ನುತ್ತಾರೆ. ಇದರಲ್ಲಿ ಒಂದು ಸಣ್ಣ ಬಲೆಯಿದೆ. ಸೈನಸ್ ವಾಸಿಯಾಗುತ್ತದೆ, ಸೀನು ನಿಲ್ಲುತ್ತದೆ, ಮೈ ಹಗುರಾಗುತ್ತದೆ, ನಿಲ್ಲಿಸಿದ ಸ್ಟಾಟಿನ್ ಡ್ರಾಯರಿನಲ್ಲೇ ಉಳಿದುಬಿಡುತ್ತದೆ. ಕೊಲೆಸ್ಟ್ರಾಲ್ ಏರಿದರೆ ಸೀನಿನಂತೆ ಗೊತ್ತಾಗುವುದಿಲ್ಲವಲ್ಲ. ನಿಲ್ಲಿಸುವ ದಿನವನ್ನು ಬರೆಸಿಕೊಳ್ಳುವಾಗಲೇ ಮತ್ತೆ ಶುರುಮಾಡುವ ತಾರೀಕನ್ನೂ ಅದೇ ಚೀಟಿಯಲ್ಲಿ ಬರೆದುಕೊಡಿ ಎಂದು ಈಗ ನಾನು ವೈದ್ಯರನ್ನು ಕೇಳುತ್ತೇನೆ.